ಎರಡನೇ ಬೆಡ್ಡಿನ ಆಣೆ

ಅವನನ್ನು ಕಾರ್ಖಾನೆಯ ಟೆಂಪೊದ ಹಿಂಭಾಗದಲ್ಲಿ ಮಲಗಿಸಿಕೊಂಡು ತಂದರು. ಬೆಳಗಿನ ಪಾಳಿ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಲೇತ್ ಮಷೀನಿನ ಮುಂದೆ ನಿಂತಿದ್ದವನು ನಿಂತಲ್ಲೇ ಕುಸಿದನಂತೆ. ಯಾರೋ ಅವನ ಬಲಗೈಗೆ ಬೀಗದ ಕೈ ಗೊಂಚಲು ತುರುಕಿ ಮುಷ್ಟಿ ಕಟ್ಟಿಸಿದ್ದರು. ಪೀಣ್ಯದಲ್ಲಿ ಕಬ್ಬಿಣಕ್ಕೇನು ಬರ? ಮೂರ್ಛೆ ಬಂದವರು ನಮ್ಮಲ್ಲಿಗೆ ಸ್ಪ್ಯಾನರೋ ಬೋಲ್ಟೋ ಹಿಡಿದುಕೊಂಡೇ ಬರುತ್ತಿದ್ದರು. ನಾನು ಗೊಂಚಲು ಬಿಡಿಸಿ ಜೊತೆಗೆ ಬಂದಿದ್ದ ಸೂಪರ್‌ವೈಸರ್ ಕೈಗೆ ಕೊಟ್ಟೆ.

"ಎಷ್ಟೊತ್ತಾಯ್ತು ಶುರುವಾಗಿ?"

"ಅರ್ಧ ಗಂಟೆ ಮೇಲಾಯ್ತು ಮೇಡಂ. ನಿಲ್ಲತ್ತೆ, ಮತ್ತೆ ಬರತ್ತೆ. ಮಧ್ಯೆ ಒಂದ್ಸಲನೂ ಕಣ್ಣು ಬಿಟ್ಟಿಲ್ಲ."

ಕೊನೆಯ ಮಾತು ಕೇಳಿದ ಮೇಲೆ ಬೇರೇನೂ ಕೇಳುವ ಅಗತ್ಯವಿರಲಿಲ್ಲ. ಸಾಮಾನ್ಯ ಮೂರ್ಛೆ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಂತು, ರೋಗಿ ಮಂಕಾಗಿ ಎದ್ದು ಕೂರುತ್ತಾನೆ. ನಡುವೆ ಎಚ್ಚರವೇ ಬಾರದೆ ಒಂದರ ಹಿಂದೊಂದು ಬರುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಹೊತ್ತು ಕಳೆದಷ್ಟೂ ಮಿದುಳು ಒಳಗೊಳಗೇ ಸುಟ್ಟುಕೊಳ್ಳುತ್ತದೆ, ಔಷಧಗಳಿಗೆ ಬಗ್ಗುವುದೂ ಕಡಿಮೆಯಾಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಪೀಣ್ಯದ ಆ ನರ್ಸಿಂಗ್ ಹೋಮಿನಲ್ಲಿ ನಾಲ್ಕು ಹಾಸಿಗೆಯ ಐಸಿಯು ನನ್ನ ಪಾಲಿಗಿತ್ತು. ನಾಲ್ಕು ಹಾಸಿಗೆಗೆ ಒಂದೇ ವೆಂಟಿಲೇಟರ್. ಆ ದಿನಗಳಲ್ಲಿ ಒಬ್ಬರ ಹಿಂದೊಬ್ಬರನ್ನು ಹೆಣವಾಗಿ ಹಿಂಬಾಗಿಲಿನಿಂದ ಕಳಿಸಿ ಕಳಿಸಿ ನನ್ನ ಮನಸ್ಸಿಗೆ ಜೋಮು ಹಿಡಿದಿತ್ತು. ಕೈಗಳು ಮಾಡಬೇಕಾದ್ದನ್ನು ಮಾಡುತ್ತಿದ್ದವು. ಮನೆಯವರಿಗೆ ಹೇಳಬೇಕಾದ ಮಾತು ಬಾಯಿಗೆ ತಾನಾಗಿ ಬರುತ್ತಿತ್ತು. ಒಳಗೆ ಏನೂ ಆಗುತ್ತಿರಲಿಲ್ಲ, ಆಗುತ್ತಿಲ್ಲವಲ್ಲ ಎಂಬ ಚಿಂತೆಯೂ ಇರಲಿಲ್ಲ. ಇವನಿಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು, ಬಡಕಲು ಮೈ. ಎರಡನೇ ಬೆಡ್ ಎಂದು ಹೇಳಿ ಕೈ ತೊಳೆಯಲು ಹೋದೆ.

ಮೊದಲು ಆಮ್ಲಜನಕ, ರಕ್ತನಾಳಕ್ಕೆ ಎರಡು ಸೂಜಿ. ರಕ್ತದ ಸಕ್ಕರೆ ನೋಡಿದೆವು, ಸರಿಯಾಗಿತ್ತು. ಡಯಾಜೆಪಾಮ್ ಕೊಟ್ಟೆ. ಸೆಳೆತ ನಿಂತಿತು. ನರ್ಸ್ ಅವನ ಬಾಯಿಯ ನೊರೆ ಒರೆಸುವಷ್ಟರಲ್ಲಿ ದವಡೆ ಕಚ್ಚಿಕೊಂಡು ಮತ್ತೆ ಶುರು. ಇನ್ನೊಮ್ಮೆ ಕೊಟ್ಟೆ. ನಂತರ ಫೆನಿಟಾಯಿನ್. ಅದನ್ನು ಸಲೈನಿನಲ್ಲಿ ಬೆರೆಸಿ, ಮಾನಿಟರಿನಲ್ಲಿ ಎದೆಬಡಿತ ನೋಡುತ್ತ ನಿಧಾನವಾಗಿ ಹರಿಸಬೇಕು. ಅವಸರ ಮಾಡಿದರೆ ಹೃದಯ ನಿಲ್ಲಬಹುದು, ಗ್ಲೂಕೋಸ್ ಬಾಟಲಿಗೆ ಸೇರಿಸಿದರೆ ಹಾಲು ಒಡೆದಂತೆ ಕಣ ಕಟ್ಟುತ್ತದೆ. ಪೂರ್ತಿ ಡೋಸ್ ಒಳಗೆ ಹೋಯಿತು. ಸೆಳೆತ ಹೋಗಲಿಲ್ಲ.

ಅಷ್ಟರಲ್ಲಿ ಮನೆಯವರು ಬಂದರು, ಹೆಂಡತಿ ಮತ್ತು ಅವನ ಅಣ್ಣ. ರಾಯಚೂರು ಕಡೆಯವರು, ರಾಜಗೋಪಾಲನಗರದ ಒಂದು ವಠಾರದಲ್ಲಿ ಒಂದೇ ಕೋಣೆಯಲ್ಲಿ ಅಣ್ಣನ ಸಂಸಾರ, ತಮ್ಮನ ಸಂಸಾರ ಎರಡೂ ಇದ್ದವು. ಅಣ್ಣ ಅಲ್ಲೇ ಒಂದು ಗೋದಾಮಿನಲ್ಲಿ ಹಮಾಲಿ. ಹುಡುಗಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಭಾವ ಎದುರಿಗಿದ್ದುದರಿಂದ ಸೆರಗು ತಲೆಯ ಮೇಲಿತ್ತು.

"ಹಿಂದೆ ಯಾವಾಗಾದರೂ ಹೀಗೆ ಬಂದಿತ್ತಾ?" ಎಂದು ಕೇಳಿದೆ.

"ಇಲ್ರಿ," ಎಂದ ಅಣ್ಣ. "ಎತ್ತಿನಂಗ ದುಡಿಯಾಂವ ರೀ. ಒಂದಿನ ತಲಿನೋವು ಅಂದಾಂವಲ್ಲ."

"ತಲೆಗೆ ಪೆಟ್ಟು? ಜ್ವರ? ಕುಡಿತ?"

"ಏನೂ ಇಲ್ರಿ."

"ಯಾವುದಾದರೂ ಮಾತ್ರೆ ತಗೋತಿದ್ದನಾ?"

ಈ ಪ್ರಶ್ನೆಯನ್ನು ಹೆಂಡತಿಯನ್ನು ನೋಡಿ ಕೇಳಿದ್ದೆ. ಅವಳು ತಲೆ ತಗ್ಗಿಸಿದಳು. ಅಣ್ಣನೇ ಉತ್ತರ ಕೊಟ್ಟ. "ಎಂಥ ಗುಳಿಗೀನೂ ಇಲ್ರಿ." ನಾನು ಹಾಗೆಯೇ ಬರೆದುಕೊಂಡು ಒಳಗೆ ಹೋದೆ.

ಫಿನೋಬಾರ್ಬಿಟೋನ್ ಕೊಟ್ಟ ಮೇಲೆ ಉಸಿರು ಸೋತಿತು. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದೆವು. ಊರೊಳಗಿನ ನರರೋಗ ತಜ್ಞರಿಗೆ ಫೋನ್ ಮಾಡಿದೆ. ಅವರು ಮಿದುಳು ಜ್ವರ ಇರಬಹುದು, ಥಯೋಪೆಂಟೋನ್ ಶುರು ಮಾಡಿ, ಸಂಜೆ ಬಂದು ನೋಡುತ್ತೇನೆ ಎಂದರು. ಥಯೋಪೆಂಟೋನ್ ಆಪರೇಷನ್ನಿಗೆ ಮುಂಚೆ ಪ್ರಜ್ಞೆ ತಪ್ಪಿಸಲು ಕೊಡುವ ಔಷಧ. ಅದನ್ನು ಬಿಡದೆ ಹರಿಸಿದರೆ ಮಿದುಳಿನ ಗಲಭೆಯೆಲ್ಲ ಅಡಗಬೇಕು, ಆದರೆ ರಕ್ತದೊತ್ತಡವೂ ಜೊತೆಗೇ ಇಳಿಯುತ್ತದೆ. ಇವನಿಗೆ ಹಾಗೆಯೇ ಆಯಿತು. ಔಷಧ ಏರಿಸಿದರೆ ಬಿ.ಪಿ. ಕುಸಿಯುತ್ತಿತ್ತು, ಇಳಿಸಿದರೆ ಬಲಗೈ ಹೆಬ್ಬೆರಳು ಅದುರಲು ಶುರುವಾಗುತ್ತಿತ್ತು. ಮಿದುಳಿನ ವಿದ್ಯುತ್ ಅಲೆ ನೋಡುವ ಯಂತ್ರ ನಮ್ಮಲ್ಲಿರಲಿಲ್ಲ. ಆ ಹೆಬ್ಬೆರಳೇ ನಮಗೆ ಯಂತ್ರ. ನರ್ಸ್ ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದಳು.

"ಮೇಡಂ, ಬಂತು," ಅನ್ನುತ್ತಿದ್ದಳು. ನಾನು ಹನಿ ಹೆಚ್ಚಿಸುತ್ತಿದ್ದೆ. "ಮೇಡಂ, ಬಿ.ಪಿ." ನಾನು ಕಡಿಮೆ ಮಾಡುತ್ತಿದ್ದೆ. ಮಧ್ಯಾಹ್ನದವರೆಗೆ ನಮ್ಮಿಬ್ಬರ ನಡುವೆ ಇದಿಷ್ಟೇ ಮಾತು. ರಕ್ತದ ಆಮ್ಲದ ಪರೀಕ್ಷೆಗೆ ಆಟೋದಲ್ಲಿ ಊರೊಳಗೆ ಕಳಿಸಿದ್ದ ಮಾದರಿಯ ಫಲಿತಾಂಶ ಫೋನಿನಲ್ಲಿ ಬಂತು. ಆಮ್ಲ ವಿಪರೀತ ಏರಿತ್ತು. ಸೆಳೆತದಿಂದ ಏರುವುದುಂಟು, ಇಷ್ಟಲ್ಲ. ಇವನು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಹಾಗನ್ನಿಸಿದಾಗಲೂ ಏನೂ ಅನ್ನಿಸಲಿಲ್ಲ. ಹೊರಗಿರುವ ಅಣ್ಣನಿಗೆ ಹೇಳುವ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳತೊಡಗಿದೆ.

ಆಗ ಕರೆಂಟ್ ಹೋಯಿತು. ಪೀಣ್ಯದಲ್ಲಿ ಅದು ಸುದ್ದಿಯೇ ಅಲ್ಲ. ಜನರೇಟರ್ ಹಿಡಿದುಕೊಳ್ಳುವವರೆಗೆ ನರ್ಸ್ ಕೈಯಿಂದ ಗಾಳಿಚೀಲ ಒತ್ತುತ್ತಿದ್ದಳು. ಒಳಗೆ ಕತ್ತಲಾಯಿತೆಂದು ನಾನು ಕಿಟಕಿಯ ಪರದೆ ಸರಿಸಿದೆ. ಹಗಲಿನ ಬೆಳಕು ಹಾಸಿಗೆಯ ಮೇಲೆ ಬಿತ್ತು. ಮೂತ್ರದ ಚೀಲ ಕೆಂಪಗಿರುವುದನ್ನು ಬೆಳಿಗ್ಗೆಯೇ ನೋಡಿದ್ದೆ. ಇಷ್ಟು ಹೊತ್ತು ಸೆಳೆತ ಬಂದರೆ ಸ್ನಾಯುಗಳು ಒಡೆದು ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಅದೇ ಇರಬೇಕು ಎಂದುಕೊಂಡು ಸಲೈನ್ ಹೆಚ್ಚಿಸಿದ್ದೆ. ಬಿಸಿಲಿನಲ್ಲಿ ನೋಡಿದರೆ ಅದು ಕಂದು ಬಣ್ಣವಲ್ಲ, ಅಚ್ಚ ಕಿತ್ತಳೆ. ಕೆನ್ನೆಯ ಕೆಳಗೆ ದಿಂಬಿನ ಮೇಲೆ ಜೊಲ್ಲಿನ ಕಲೆಯೂ ಕಿತ್ತಳೆ. ಅವನ ಕಣ್ಣಂಚನ್ನು ಹತ್ತಿಯಿಂದ ಒರೆಸಿ ಬೆಳಕಿಗೆ ಹಿಡಿದೆ. ಕಣ್ಣೀರಿಗೂ ಅದೇ ಬಣ್ಣ.

ಮೈಯ ನೀರಿಗೆಲ್ಲ ಹೀಗೆ ಬಣ್ಣ ಹಚ್ಚುವ ಔಷಧ ನನಗೆ ಗೊತ್ತಿದ್ದುದು ಒಂದೇ, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್. ಅದು ಒಂಟಿಯಾಗಿ ಬರುವುದಿಲ್ಲ. ಅದೇ ಕ್ಯಾಪ್ಸೂಲಿನಲ್ಲಿ ಐಸೋನಿಯಾಜಿಡ್ ಕೂಡ ಇರುತ್ತದೆ. ಐಸೋನಿಯಾಜಿಡ್ ಮಿತಿಮೀರಿದರೆ ದೇಹದ ಬಿ-ಸಿಕ್ಸ್ ವಿಟಮಿನ್ನನ್ನು ಬರಿದು ಮಾಡುತ್ತದೆ. ಮಿದುಳನ್ನು ಶಾಂತವಾಗಿಡುವ ವಸ್ತು ತಯಾರಾಗಲು ಆ ವಿಟಮಿನ್ ಬೇಕು. ನಾನು ಬೆಳಗಿನಿಂದ ಕೊಡುತ್ತಿದ್ದ ಔಷಧಗಳಲ್ಲಿ ಬಹುಪಾಲು ಆ ವಸ್ತುವಿನ ಬಲದ ಮೇಲೆಯೇ ಕೆಲಸ ಮಾಡುವಂಥವು. ನೀರಿಲ್ಲದ ಬಾವಿಗೆ ಪಂಪು ಕೂರಿಸಿ, ಇನ್ನೂ ದೊಡ್ಡ ಪಂಪು ತನ್ನಿ ಅಂದ ಹಾಗಾಗಿತ್ತು ನನ್ನ ಚಿಕಿತ್ಸೆ.

ನರ್ಸಿಂಗ್ ಹೋಮಿನ ಮಾಲೀಕರು ಶಸ್ತ್ರವೈದ್ಯರು. ಕಾರಿಡಾರಿನಲ್ಲಿ ಸಿಕ್ಕರು. ಕಿತ್ತಳೆ ಬಣ್ಣದ ವಿಷಯ ಹೇಳಿ, ಬಿ-ಸಿಕ್ಸ್ ಮಾತ್ರೆ ಬೇಕು, ರಾಶಿ ರಾಶಿ ಬೇಕು ಎಂದೆ.

"ವಿಟಮಿನ್ ಕೊಟ್ಟು ಫಿಟ್ಸ್ ನಿಲ್ಲಿಸ್ತೀರಾ? ಆಚೆ ಗೊತ್ತಾದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

"ನಿಂತ್ರೆ ಉಳಿಯತ್ತೆ ಸಾರ್."

"ಟಿ.ಬಿ. ಹಿಸ್ಟರಿ ಇದೆಯಾ?"

"ಯಾವ ಮಾತ್ರೆನೂ ತಗೋತಿರ್ಲಿಲ್ಲ ಅಂತಿದ್ದಾರೆ."

ಅವರು ಕನ್ನಡಕ ಒರೆಸಿಕೊಂಡರು. "ನೋಡಿ, ಏನೋ ನಿಮ್ಮಿಷ್ಟ. ಆದ್ರೆ ಮನೆಯವರನ್ನ ಇನ್ನೊಂದ್ಸಲ ಕೇಳಿ ಕೊಡಿ."

ಅಣ್ಣನನ್ನು ಸೂಪರ್‌ವೈಸರ್ ಸ್ಕೂಟರಿನಲ್ಲಿ ಕೂರಿಸಿ, ಜಾಲಹಳ್ಳಿ ಕ್ರಾಸಿನಿಂದ ದಾಸರಹಳ್ಳಿಯವರೆಗೆ ಯಾವ ಮೆಡಿಕಲ್ ಸ್ಟೋರನ್ನೂ ಬಿಡಬೇಡಿ, ಇದ್ದಷ್ಟೂ ತನ್ನಿ ಎಂದು ಕಳಿಸಿದೆ. ಸೂಜಿಮದ್ದಿನ ರೂಪದಲ್ಲಿ ಸಿಗುತ್ತಿದ್ದುದು ಬೇರೆ ವಿಟಮಿನ್ನುಗಳ ಜೊತೆ ಬೆರೆತದ್ದು, ಅದನ್ನು ಅಷ್ಟು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುವಂತಿರಲಿಲ್ಲ. ಮಾತ್ರೆ ಅರೆದು ಮೂಗಿನ ಕೊಳವೆಯಿಂದ ಹೊಟ್ಟೆಗೆ ಇಳಿಸುವುದೊಂದೇ ದಾರಿ. ಆದರೆ ಎಷ್ಟು? ಎಷ್ಟು ಗ್ರಾಂ ವಿಷವೋ ಅಷ್ಟೇ ಗ್ರಾಂ ವಿಟಮಿನ್ ಎಂದು ಓದಿದ ನೆನಪಿತ್ತು. ಕೊಟ್ಟು ನೋಡಿದ್ದಿಲ್ಲ, ಕೊಟ್ಟವರನ್ನೂ ನೋಡಿದ್ದಿಲ್ಲ. ಬರೀ ಅನುಮಾನದ ಮೇಲೆ ನನಗೆ ಒಂದು ಗ್ರಾಂಗಿಂತ ಹೆಚ್ಚು ಕೊಡುವ ಧೈರ್ಯವಿರಲಿಲ್ಲ. ಕ್ಯಾಪ್ಸೂಲಿನ ಲೆಕ್ಕ ಗೊತ್ತಿರಬೇಕಾದವಳು, ಮಾತ್ರೆಯ ಮಾತು ಬಂದಾಗ ತಲೆ ತಗ್ಗಿಸಿದ್ದ ಅವನ ಹೆಂಡತಿ, ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಿದ್ದಳು.

ಅವಳನ್ನು ಬಟ್ಟೆ ಇಡುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದೆ. ನಾನೂ ದಾವಣಗೆರೆ ಕಡೆಯವಳು, ನನ್ನ ಮಾತು ಅವಳಿಗೆ ತೀರ ಪರಕೀಯವಲ್ಲ.

"ನಿನ್ನ ಗಂಡಗೆ ಟಿ.ಬಿ. ಐತಿ, ಹೌದಲ್ಲ?"

ಅವಳು ಗೋಡೆ ನೋಡಿದಳು.

"ನಿಮ್ಮ ಭಾವಗೆ ನಾನು ಹೇಳಲ್ಲ. ಯಾರಿಗೂ ಹೇಳಲ್ಲ. ಎಷ್ಟು ಗುಳಿಗಿ ನುಂಗಿದಾನೆ, ಅದೊಂದು ಹೇಳು."

"ನನ್ನ ಏನೂ ಕೇಳಬ್ಯಾಡ್ರಿ ಅಕ್ಕಾರ. ನಾ ಬಾಯಿ ಬಿಟ್ರ ಅವ್ರು ಉಳಿಯಂಗಿಲ್ಲ."

ನನಗೆ ಸಿಟ್ಟು ಬಂತು. ಬೆಳಗಿನಿಂದ ನನಗೆ ಬಂದ ಮೊದಲ ಭಾವನೆ ಅದು. "ಬಾಯಿ ಬಿಡದೇ ಇದ್ರೆ ಉಳಿಯಲ್ಲ. ಇವತ್ತೇ ಉಳಿಯಲ್ಲ. ಗೊತ್ತಾತಾ?"

"ಆಣಿ ಐತ್ರಿ," ಎಂದಳು. "ತಮ್ಮ ತಲಿ ಮ್ಯಾಲ ನನ್ನ ಕೈ ಇಡಿಸಿ ಆಣಿ ಮಾಡಿಸ್ಯಾರ. ಯಾರ ಮುಂದ ಹೇಳಿದ್ರೂ ನಾ ಸತ್ತಂಗ ಅಂತ ಹೇಳ್ಯಾರ."

ಸಿಟ್ಟು ಅಲ್ಲಿಗೇ ಇಳಿಯಿತು. ನಮ್ಮ ಮನೆಯಲ್ಲೂ ತಲೆ ಮುಟ್ಟಿ ಆಣೆ ಮಾಡಿದವರು ಅನ್ನ ಬಿಟ್ಟರೂ ಮಾತು ಬಿಡುತ್ತಿರಲಿಲ್ಲ. ಇವಳು ಸುಮ್ಮನಿದ್ದದ್ದು ಭಾವನ ಹೆದರಿಕೆಯಿಂದಲ್ಲ. ಗಂಡನನ್ನು ಉಳಿಸಿಕೊಳ್ಳಲು, ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ, ಬೆಳಗಿನಿಂದ ಬಾಯಿ ಕಟ್ಟಿಕೊಂಡು ಕೂತಿದ್ದಳು. ಇದೆಲ್ಲ ಮೂಢನಂಬಿಕೆ ಎಂದು ಪಾಠ ಹೇಳಲು ನನಗೆ ಪುರುಸೊತ್ತಿರಲಿಲ್ಲ, ಹೇಳಿದ್ದರೆ ಅವಳು ಕೇಳುತ್ತಲೂ ಇರಲಿಲ್ಲ. ಕೊಳವೆಯ ಅಳತೆ ಕೇಳುವ ಧ್ವನಿಯಲ್ಲೇ ಕೇಳಿದೆ. "ಆಣೆ ಬಿಡಿಸೋದು ಹೇಗೆ?"

"ಇಟ್ಟವ್ರೇ ಬಿಡಿಸಬೇಕ್ರಿ."

"ಅವನಿಗೆ ಮೈಮೇಲೆ ಎಚ್ಚರ ಇಲ್ಲ. ಬೇರೆ ದಾರಿ?"

"ನನ್ನ ಅವರ ಕಡೆ ಬಿಡ್ತೀರೇನ್ರಿ?"

ಐಸಿಯು ಒಳಗೆ ಮನೆಯವರನ್ನು ಬಿಡಬಾರದೆಂಬ ನಿಯಮ ಮಾಡಿದವಳು ನಾನೇ. ಕೊಳವೆ ಹಾಕಿರುವುದನ್ನು ನೋಡಿ ಒಬ್ಬರು ಕುಸಿದರೆ ಎರಡು ರೋಗಿಗಳಾಗುತ್ತಾರೆ ಎಂದು ಎಲ್ಲರಿಗೂ ಗದರುತ್ತಿದ್ದೆ. ಅವಳ ಚಪ್ಪಲಿ ಬಿಡಿಸಿ, ಕೈ ತೊಳೆಸಿ, ಒಳಗೆ ಕರೆದುಕೊಂಡು ಹೋದೆ.

ಅವಳು ಅಳಲಿಲ್ಲ. ಬಾಯಿಯ ಕೊಳವೆ, ಮುಚ್ಚಿದ ರೆಪ್ಪೆ, ಎಲ್ಲವನ್ನೂ ಒಂದು ಸಲ ನೋಡಿದಳು. ಎಡಗೈಗೆ ಸೂಜಿ ಚುಚ್ಚಿತ್ತು. ಬಲಗೈಯನ್ನು ಎತ್ತಿಕೊಂಡು, ಬಗ್ಗಿ, ಆ ಅಂಗೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ನಿಮ್ಮ ಮ್ಯಾಲಿನ ಆಣಿ ನನ್ನ ಮ್ಯಾಲ ಬರಲಿ," ಎಂದಳು. ಅಷ್ಟೇ ಹೇಳಿದ್ದು, ಮೆಲ್ಲಗೆ. ಹೆಬ್ಬೆರಳು ಆಗಲೂ ಅದುರುತ್ತಿತ್ತು. ಅದರ ಜೊತೆಗೆ ಅವಳ ತಲೆಯ ಮೇಲಿನ ಸೆರಗೂ ಅದುರುತ್ತಿತ್ತು. ನರ್ಸ್ ನನ್ನ ಮುಖ ನೋಡಿದಳು. ನಾನು ಮಾನಿಟರ್ ನೋಡಿದೆ.

ಕೈಯನ್ನು ಹಾಸಿಗೆಯ ಮೇಲೆ ಮೊದಲಿದ್ದಂತೆ ಇಟ್ಟು ಅವಳು ನನ್ನ ಕಡೆ ತಿರುಗಿದಳು. ಆಮೇಲೆ ತಡವರಿಸದೆ ಹೇಳಿದಳು.

"ದವಾಖಾನ್ಯಾಗ ದಿನಾ ಒಂದು ಗುಳಿಗಿ ಕೊಟ್ಟಾರ್ರಿ. ಒಂದಿನಾನೂ ತಪ್ಪಿಸಬಾರ್ದು, ಕೋರ್ಸ್ ಪೂರಾ ಆಗಬೇಕು ಅಂದಾರ. ಮನ್ಯಾಗ ಇಟ್ರ ಭಾವಾರಿಗೆ ಗೊತ್ತಾಗ್ತದಂತ ಫ್ಯಾಕ್ಟರ್ಯಾಗ ಟೂಲ್ ಡಬ್ಬ್ಯಾಗ ಇಡ್ತಿದ್ರು. ವಠಾರದಾಗ ಹಿಂದೊಬ್ರಿಗೆ ಟಿ.ಬಿ. ಅಂತ ಗೊತ್ತಾಗಿ ಸಾಮಾನೆಲ್ಲ ಬೀದಿಗೆ ಇಟ್ಟಿದ್ರು ಓನರು. ಆಮ್ಯಾಲ ಫ್ಯಾಕ್ಟ್ರಿ ಲಾಕೌಟ್ ಆತು. ಹತ್ತು ದಿನ ಗೇಟಿನೊಳಗ ಬಿಡಲಿಲ್ಲ. ಗುಳಿಗಿ ಒಳಗ ಉಳಿದ್ವು."

"ಇವತ್ತು ಗೇಟ್ ತೆಗೆದರು."

"ಹೌದ್ರಿ. ಬಿಟ್ಟ ಗುಳಿಗಿ ಎಲ್ಲಾ ಇವತ್ತ ತಗೊಂಡು ಬಾಕಿ ತೀರಿಸಿಬಿಡ್ತೀನಿ ಅಂದ್ರು. ತಪ್ಪಿದ ಡ್ಯೂಟಿ ಡಬಲ್ ಹೊಡದ್ರ ಹಾಜರಿ ಸರಿ ಆಗ್ತದಲ್ಲ, ಹಂಗ ಅಂತ."

"ಎಷ್ಟು?"

"ಹನ್ನೊಂದು, ಇವತ್ತಿಂದೂ ಸೇರಿ."

ಪೀಣ್ಯದಲ್ಲಿ ಕರೆಂಟ್ ಇಲ್ಲದ ದಿನದ ಕೆಲಸವನ್ನು ಭಾನುವಾರ ಮಾಡಿ ಸರಿದೂಗಿಸುತ್ತಿದ್ದರು. ತಪ್ಪಿದ ಪಾಳಿಗೆ ಎರಡು ಪಾಳಿ ನಿಂತರೆ ಹಾಜರಿ ಪೂರ್ತಿ. ಅವನು ತನಗೆ ಗೊತ್ತಿದ್ದ ಲೆಕ್ಕದ ಪ್ರಕಾರ ತೀರ ಪ್ರಾಮಾಣಿಕವಾಗಿ ನಡೆದುಕೊಂಡಿದ್ದ. ಆ ಸಣ್ಣ ಮೈಯೊಳಗೆ ಮೂರು ಗ್ರಾಂಗಿಂತ ಹೆಚ್ಚು ಐಸೋನಿಯಾಜಿಡ್ ಒಟ್ಟಿಗೇ ಇಳಿದಿತ್ತು.

ಅಣ್ಣ ಎರಡು ಪ್ಲಾಸ್ಟಿಕ್ ಚೀಲದ ತುಂಬ ಸ್ಟ್ರಿಪ್ ತಂದ. ಒಂದೊಂದು ಮಾತ್ರೆಯಲ್ಲಿ ನಲವತ್ತು ಮಿಲಿಗ್ರಾಂ. ನರ್ಸ್, ನಾನು, ಆಯಾ ಮೂವರೂ ಕೂತು ಸ್ಟ್ರಿಪ್ ಬಿಚ್ಚಿದೆವು. ಎಂಬತ್ತಕ್ಕೂ ಹೆಚ್ಚು ಮಾತ್ರೆ. ಅಡುಗೆಮನೆಯಿಂದ ತಂದ ಶುಂಠಿ ಕುಟ್ಟುವ ಕಲ್ಲನ್ನು ತೊಳೆದು ಅದರಲ್ಲೇ ಅರೆದೆವು. ನೀರಿನಲ್ಲಿ ಕದಡಿ, ಕೊಳವೆ ಕಟ್ಟಿಕೊಳ್ಳದಂತೆ ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟೆವು. ಜೊತೆಗೆ ಆಮ್ಲ ಇಳಿಸಲು ಬೈಕಾರ್ಬೊನೇಟ್. ಥಯೋಪೆಂಟೋನ್ ಇದ್ದಲ್ಲೇ ಇಟ್ಟೆ.

ಆಮೇಲೆ ಮಾಡಲು ಏನೂ ಇರಲಿಲ್ಲ. ನರ್ಸ್ ತನ್ನ ಸ್ಟೂಲಿಗೆ ಮರಳಿದಳು. ಆಯಾ ಕಾಫಿ ತಂದಿಟ್ಟಳು, ಆರಿ ಹೋಯಿತು. ಮಾಲೀಕರು ಒಮ್ಮೆ ಬಾಗಿಲಿನಲ್ಲಿ ತಲೆ ಹಾಕಿ, ಮಾನಿಟರ್ ನೋಡಿಕೊಂಡು ಹೋದರು. ಎಷ್ಟೋ ಹೊತ್ತಿನ ಮೇಲೆ ನರ್ಸ್ ಹೇಳಿದಳು, "ಮೇಡಂ, ಬರ್ಲಿಲ್ಲ." ನಾನು ಹನಿ ಇಳಿಸಿದೆ. ಹೆಬ್ಬೆರಳು ಸುಮ್ಮನಿತ್ತು. ಇನ್ನೂ ಇಳಿಸಿದೆ. ಬಿ.ಪಿ. ಮೇಲೆ ಬಂತು, ಹೆಬ್ಬೆರಳು ಸುಮ್ಮನೇ ಇತ್ತು. ನರರೋಗ ತಜ್ಞರು ಸಂಜೆ ಬಂದು ಚಾರ್ಟ್ ಓದಿ, ಶುಂಠಿ ಕಲ್ಲಿನ ಕಡೆ ಒಮ್ಮೆ ನೋಡಿ, "ಪಾಠ ಮಾಡೋವಾಗ ಹೇಳಿದ್ದೀನಿ. ಕೊಟ್ಟಿದ್ದು ಇವತ್ತೇ ನೋಡಿದ್ದು," ಎಂದರು. ನನಗೆ ಸಂತೋಷವಾಗಬೇಕಿತ್ತು. ನಿದ್ದೆ ಬರುತ್ತಿತ್ತು.

ಮಾರನೆಯ ದಿನ ಅವನು ಕಣ್ಣು ತೆರೆದ. ಕೊಳವೆ ತೆಗೆದ ಮೇಲೆ ತನ್ನ ಹೆಸರು ಹೇಳಿದ, ಊರು ಹೇಳಿದ. ಯಾವ ತಿಂಗಳು ಅಂದರೆ ಹೇಳಲಾಗಲಿಲ್ಲ. ಬಲಗೈ ಬೆರಳುಗಳಲ್ಲಿ ಹಿಡಿತ ಸಾಲದು, ಲೋಟ ಜಾರುತ್ತಿತ್ತು. ಲೇತ್ ಮುಂದೆ ಮತ್ತೆ ನಿಲ್ಲಬಲ್ಲನೋ ಇಲ್ಲವೋ ಆಗಲೇ ಹೇಳುವಂತಿರಲಿಲ್ಲ. ಯಕೃತ್ತಿನ ಪರೀಕ್ಷೆ ಸರಿಬರುವವರೆಗೆ ಟಿ.ಬಿ. ಔಷಧ ನಿಲ್ಲಿಸಿ, ಆಮೇಲೆ ದಿನಕ್ಕೆ ಒಂದೇ, ತಪ್ಪಿದರೆ ತಪ್ಪಿತು ಎಂದು ಅವನಿಗೆ ಮೂರು ಸಲ ಹೇಳಿ, ಅವನಿಂದ ಮೂರು ಸಲ ಹೇಳಿಸಿದೆ. ಅಣ್ಣನಿಗೆ, ಮೈಗೆ ಒಗ್ಗದ ಔಷಧದಿಂದ ಹೀಗಾಯಿತು ಎಂದೆ. ಐಸಿಯುಗೆ ಸೇರಿದವರ ಮನೆಮಂದಿಯೆಲ್ಲ ಎದೆಯ ಎಕ್ಸ್‌ರೇ ತೆಗೆಸಬೇಕೆಂಬ ನಿಯಮ ಇದೆ ಎಂದೂ ಸೇರಿಸಿದೆ. ಅಂಥ ನಿಯಮವನ್ನು ನಾನು ಅಲ್ಲೇ ನಿಂತಲ್ಲೇ ಮಾಡಿದ್ದು. ಅಣ್ಣ ತನ್ನ ಮಕ್ಕಳನ್ನೂ ಕರೆತಂದು ತೆಗೆಸಿದ. ಎಲ್ಲರ ಎದೆಯೂ ಸ್ವಚ್ಛವಾಗಿತ್ತು.

ಮನೆಗೆ ಕಳಿಸುವ ದಿನ ಹುಡುಗಿ ನನ್ನ ಕೋಣೆಗೆ ಒಬ್ಬಳೇ ಬಂದಳು. ಬಾಗಿಲ ಬಳಿಯೇ ನಿಂತಳು. ಅವಳು ಯಾಕೆ ಬಂದಿದ್ದಾಳೆಂದು ನನಗೆ ಗೊತ್ತಾಗಲಿಲ್ಲ, ಥ್ಯಾಂಕ್ಸ್ ಹೇಳುವವರು ಒಳಗೆ ಬರುತ್ತಾರೆ.

"ಅಕ್ಕಾರ, ಕೋರ್ಸ್ ಮುಗಿಯಾಕ ಇನ್ನೂ ಮೂರು ತಿಂಗಳು ಐತಲ್ರಿ."

"ಐತಿ."

"ಅಲ್ಲೀತನಕ ನಾ ಇರ್ತೀನೇನ್ರಿ?"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆ ಆಣೆ ಅವಳ ಪಾಲಿಗೆ ಕೆಲಸ ಮಾಡಿತ್ತು. ಅವನ ತಲೆಯಿಂದ ಇಳಿದಿತ್ತು, ಅವನು ಉಳಿದಿದ್ದ. ಇಳಿದದ್ದು ಎಲ್ಲಿಗೆ ಬಂದಿದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

"ಈಗ ಅವನಿಗೆ ಎಚ್ಚರ ಆಗಿದೆಯಲ್ಲ," ಎಂದೆ. "ಅವನ ಕೈಯಿಂದಲೇ ಬಿಡಿಸಿಕೊ. ಇವತ್ತೇ ಬಿಡಿಸಿಕೊ."

ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಬಿಡಿಸಾಕ ಹೋಗಿ ತಿರುಗಿ ಅವರ ಮ್ಯಾಲ ಹೋದ್ರ?" ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು. "ನನಗ ಬ್ಯಾರೆ ಏನೂ ಬ್ಯಾಡ್ರಿ. ಮರೀತಾರವ್ರು. ಕೋರ್ಸ್ ಮುಗಿಯೋತನಕ ದಿನಾ ಒಂದು ಗುಳಿಗಿ ಎಣಿಸಿ ಕೈಯಾಗ ಕೊಡಾಕ ಒಬ್ರು ಬೇಕಲ್ರಿ."

ನನಗೆ ತುಂಬ ಸಂಕಟವಾಯಿತು. ಅದನ್ನು ತೋರಿಸಿಕೊಳ್ಳುವ ಅಭ್ಯಾಸ ತಪ್ಪಿಹೋಗಿತ್ತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ನಾಡಿ ಹಿಡಿದು ಗಡಿಯಾರ ನೋಡಿದೆ. ಬಿ.ಪಿ. ನೋಡಿದೆ. ಎದೆಯನ್ನೂ ಬೆನ್ನನ್ನೂ ನಿಧಾನವಾಗಿ ಆಲಿಸಿದೆ, ಜೋರಾಗಿ ಉಸಿರೆಳೆದುಕೊ ಅಂದೆ, ಬಿಡು ಅಂದೆ. ಅವಳ ಎಕ್ಸ್‌ರೇಯನ್ನು ಇನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ರೋಗಿಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಏನೇನು ಮಾಡಬೇಕೋ ಅದನ್ನೆಲ್ಲ ಮಾಡಿದೆ. ಅವಳು ಅಷ್ಟು ಹೊತ್ತೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇರ್ತೀಯಮ್ಮ," ಎಂದೆ.

"ಅಷ್ಟು ಸಾಕ್ರಿ," ಎಂದು ಸೆರಗು ಸರಿಮಾಡಿಕೊಂಡು ಎದ್ದಳು.